ಪುಟ್ಟಿ ನಡೆಸಿದ ಸಭೆ

"ತಾತ, ಶುಕ್ರವಾರ ನಮ್ಮ ಸ್ಕೂಲಲ್ಲಿ ಮೀಟಿಂಗ್ ಐತೆ. ನನ್ ಮೀಟಿಂಗ್ ನಾನೇ ನಡೆಸೋದು. ನೀನು ಬರಲೇಬೇಕು."

ಫೋನಿನಲ್ಲಿ ಪುಟ್ಟಿ ಹೀಗೆ ಅಂದಾಗ ನಾನು ನಕ್ಕುಬಿಟ್ಟೆ. ನಾಲ್ಕನೇ ಕ್ಲಾಸಿನ ಹುಡುಗಿ ಸಭೆ ನಡೆಸುವುದೆಂದರೇನು? ಸಭೆಯಲ್ಲಿ ಮೇಷ್ಟ್ರು ಮಾತಾಡುತ್ತಾರೆ, ಅಪ್ಪ ಅಮ್ಮ ತಲೆ ತಗ್ಗಿಸಿ ಕೇಳುತ್ತಾರೆ, ಮಕ್ಕಳು ಬಾಗಿಲ ಸಂದಿಯಲ್ಲಿ ನಿಂತು ನಡುಗುತ್ತಾರೆ. ನನಗೆ ಗೊತ್ತಿದ್ದ ಪದ್ಧತಿ ಅದು.

ಪುಟ್ಟಿ ನನ್ನ ಮಗಳ ಮಗಳು. ಮಗಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ, ಅವತ್ತು ರಜೆ ಸಿಗಲಿಲ್ಲ. ಅಳಿಯ ಲಾರಿ ಓಡಿಸುವವನು, ಹುಬ್ಬಳ್ಳಿ ಕಡೆ ಹೋಗಿದ್ದ. ಉಳಿದವನು ನಾನು. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಲೆಕ್ಕಪತ್ರ ಬರೆಯುವ ಕೆಲಸದಿಂದ ನಿವೃತ್ತನಾಗಿ ಹತ್ತು ವರ್ಷ ಆಯಿತು. ದಿನಾ ಸಂಜೆ ಏಳು ಗಂಟೆಗೆ ವಿಡಿಯೋ ಕಾಲಿನಲ್ಲಿ ಪುಟ್ಟಿಗೆ ಲೆಕ್ಕ ಹೇಳಿಕೊಡುವುದು ನನ್ನ ಈಗಿನ ಉದ್ಯೋಗ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು ಅನ್ನಿ.

2025ರ ನವೆಂಬರ್ 14, ಶುಕ್ರವಾರ. ಮಕ್ಕಳ ದಿನಾಚರಣೆ. ಬೆಳಿಗ್ಗೆ ಆರಕ್ಕೇ ಬಸ್ಸು ಹತ್ತಿದೆ. ನೆಲಮಂಗಲ ದಾಟಿ, ಸೋಲೂರು ದಾಟಿ, ಮಂಗಳೂರಿನ ಹೆದ್ದಾರಿ ಬಿಟ್ಟು ಕುದೂರಿನ ಕಡೆ ತಿರುಗಿದರೆ ಗಾಳಿಯೇ ಬೇರೆ. ಹೊಲದಲ್ಲಿ ರಾಗಿ ತೆನೆ ಬಲಿತು ಬಾಗಿತ್ತು. ಸಾಲು ಬಿಟ್ಟು ಸಾಲಿನಲ್ಲಿ ಅವರೆ ಬಳ್ಳಿ, ಅದರ ತುಂಬ ಹೂವು. ಮಾಗಡಿ ಅವರೆಕಾಯಿಯ ಸೊಗಡು ಬಲ್ಲವರಿಗೆ ಆ ಹೂವು ನೋಡಿದರೇ ಬಾಯಲ್ಲಿ ನೀರು ಬರುತ್ತದೆ. ಇನ್ನೊಂದು ತಿಂಗಳು ತಡೆದು ಬಂದಿದ್ದರೆ ಹಿತಕಿದಬೇಳೆ ಸಾರು ಸಿಗುತ್ತಿತ್ತಲ್ಲ ಎಂದು ಒಂದು ಗಳಿಗೆ ಮನಸ್ಸು ಆ ಕಡೆ ಹೋಯಿತು.

ಮಂಜು ಸರಿದಂತೆ ಭೈರವನದುರ್ಗ ಕಾಣಿಸಿತು. ಬೆಂಗಳೂರಿನ ಸುತ್ತಲಿನ ನವದುರ್ಗಗಳಲ್ಲಿ ಅದೂ ಒಂದು. ಸಾವನದುರ್ಗ ಎಂದರೆ ಎಲ್ಲರಿಗೂ ಗೊತ್ತು, ಹುತ್ರಿದುರ್ಗವೂ ಗೊತ್ತು. ನಮ್ಮ ಭೈರವನದುರ್ಗಕ್ಕೆ ಬರುವವರು ಕಡಿಮೆ. ಚಿಕ್ಕವನಿದ್ದಾಗ ಆ ಬಂಡೆ ನನಗೆ ಮಲಗಿದ ಎಮ್ಮೆಯ ಹಾಗೆ ಕಾಣುತ್ತಿತ್ತು. ಈಗಲೂ ಹಾಗೇ ಕಾಣುತ್ತದೆ. ನಾನು ಹುಟ್ಟಿ ಬೆಳೆದದ್ದು ಈ ಸೀಮೆಯಲ್ಲೇ. ರಾಮನಗರ ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿದ್ದಾರೆ. ನಾನು ಶಾಲೆಗೆ ಹೋಗುವಾಗ ಇದು ಬೆಂಗಳೂರು ಜಿಲ್ಲೆಯೇ ಆಗಿತ್ತು, ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು.

ಬಸ್ಸಿನಲ್ಲಿ ಕೂತು ಆ ಶಾಲೆಯ ದಿನಗಳನ್ನೇ ನೆನೆಯುತ್ತಿದ್ದೆ. ಒಂದು ಹಳೆಯ ಕಳ್ಳತನ ನೆನಪಾಯಿತು. ಮಕ್ಕಳೇ, ಇದನ್ನು ನಿಮಗೆ ಹೇಳಬಹುದೋ ಬೇಡವೋ ಎಂದು ಯೋಚಿಸಿದೆ. ಹೇಳಿಬಿಡುತ್ತೇನೆ.

ನಾಲ್ಕನೇ ಕ್ಲಾಸಿನ ಅರ್ಧ ವರ್ಷದ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ನನಗೆ ನೂರಕ್ಕೆ 22 ಬಂತು. ಮೇಷ್ಟ್ರು ಅದನ್ನು ಕೆಂಪು ಶಾಯಿಯಲ್ಲಿ ಬರೆದು, ಮನೆಯಲ್ಲಿ ತೋರಿಸಿ ಸಹಿ ಹಾಕಿಸಿಕೊಂಡು ಬಾ ಎಂದು ಕಾರ್ಡು ಕೊಟ್ಟರು. ನಮ್ಮಪ್ಪನಿಗೆ ಓದು ಬರಹ ಬಾರದು. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, "ಇದೊಂದು ಯಾಕ್ಲಾ ಕೆಂಪಗೈತೆ?" ಅಂದ. ನನ್ನ ಬಾಯಿಂದ ತಟಕ್ಕನೆ ಬಂತು: "ಚೆನ್ನಾಗಿ ಮಾಡಿದೋರಿಗೆ ಮಾತ್ರ ಕೆಂಪಲ್ಲಿ ಬರೀತಾರಪ್ಪ."

ಅಪ್ಪ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಒತ್ತಿದ. ಸಂಜೆ ಅರಳಿಕಟ್ಟೆಯಲ್ಲಿ, "ನನ್ ಮಗನಿಗೆ ಕೆಂಪಲ್ಲಿ ಬರೆದವ್ರೆ" ಎಂದು ಹೇಳಿಕೊಂಡ. ಅಲ್ಲಿ ಕೂತಿದ್ದವರೂ ಹೆಬ್ಬೆಟ್ಟಿನವರೇ, ಯಾರೂ ನಗಲಿಲ್ಲ. ಒಬ್ಬರಾದರೂ ನಕ್ಕಿದ್ದರೆ ಚೆನ್ನಾಗಿತ್ತು ಎಂದು ನನಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಅಪ್ಪ ಹೋಗಿ ಮೂವತ್ತು ವರ್ಷ ಆಯಿತು. ಅವನಿಗೆ ನಿಜ ಹೇಳಲೇ ಇಲ್ಲ.

ಕುದೂರಿನಲ್ಲಿ ಇಳಿದು ಒಂದು ಲೋಟ ಕಾಫಿ ಕುಡಿದು, ಹುಳಿಕಲ್ ಕಡೆಗೆ ಹೋಗುವ ಆಟೋ ಹತ್ತಿದೆ. ಮಗಳ ಊರು ಆ ದಾರಿಯಿಂದ ಸ್ವಲ್ಪ ಒಳಗೆ. ದಾರಿಯ ಎರಡೂ ಕಡೆ ಆಲದ ಮರಗಳು. ಅವುಗಳ ಮಾತು ಆಮೇಲೆ ಹೇಳುತ್ತೇನೆ. ಮೊದಲು ಶಾಲೆ.

ಗೇಟಿನ ಹತ್ತಿರ ಪುಟ್ಟಿ ಕಾದು ನಿಂತಿದ್ದಳು. ಎರಡು ಜಡೆ, ಬಿಳಿ ರಿಬ್ಬನ್ನು. ಎಂದಿನ ಹಾಗೆ ಓಡಿ ಬಂದು ಸೊಂಟ ಹಿಡಿಯಲಿಲ್ಲ. ಕೈಮುಗಿದು, "ಬನ್ನಿ ತಾತ, ನಮ್ಮ ಶಾಲೆಗೆ ಸ್ವಾಗತ. ನೀವು ಮೊದಲು ನೀರು ಕುಡೀರಿ" ಅಂದಳು. ದಿನವೂ "ನೀನು" ಅನ್ನುವವಳು ಅವತ್ತು "ನೀವು" ಆಗಿದ್ದಳು! ನನಗೇ ಮೈಯೆಲ್ಲ ಬಿಗಿಯಾಯಿತು.

ಸರ್ಕಾರಿ ಶಾಲೆಗಳಲ್ಲಿ ಪೋಷಕರನ್ನು ಕರೆಯುವುದು ಹೊಸದಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅದೇ ಎಲ್ಲರೂ ಎಸ್‌ಡಿಎಂಸಿ ಅನ್ನುವುದು, 2001ರಿಂದ ಇದೆ. "ಸಮುದಾಯದತ್ತ ಶಾಲೆ" ಎಂಬ ಕಾರ್ಯಕ್ರಮದಲ್ಲಿ ಊರವರು ಬಂದು ಮಕ್ಕಳ ಕಲಿಕೆ ನೋಡುವುದೂ ಇತ್ತು. ಈ ಶಾಲೆಯ ಮೇಡಂ ಅದಕ್ಕೆ ಒಂದು ಹೆಜ್ಜೆ ಸೇರಿಸಿದ್ದರು. ಅಮೆರಿಕ, ಕೆನಡಾ ಕಡೆಯ ಎಷ್ಟೋ ಶಾಲೆಗಳಲ್ಲಿ ಮಕ್ಕಳೇ ತಮ್ಮ ಕಲಿಕೆಯನ್ನು ಅಪ್ಪ ಅಮ್ಮನಿಗೆ ವಿವರಿಸುವ ಸಭೆ ನಡೆಯುತ್ತದಂತೆ. ಅದನ್ನು ಓದಿ, ನಮ್ಮ ಮಕ್ಕಳು ಯಾಕೆ ಮಾಡಬಾರದು ಎಂದು ಶುರು ಮಾಡಿದರಂತೆ.

ಹೊರಗಿನಿಂದ ತಂದದ್ದು ಎಂದು ನಾನು ಮೂಗು ಮುರಿಯುವುದರಲ್ಲಿದ್ದೆ. ಅಷ್ಟರಲ್ಲಿ ಪುಟ್ಟಿ ನನ್ನನ್ನು ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಕೋಣೆಗೆ ಕರೆದುಕೊಂಡು ಹೋದಳು. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ನೇತುಹಾಕಿದ್ದರು. ಅದಕ್ಕೆ ಕಲಿಕಾ ಚಪ್ಪರ ಎಂದು ಹೆಸರು. ಮದುವೆ ಮನೆಯ ಚಪ್ಪರದ ಹಾಗೇ ಇತ್ತು. ಗೋಡೆಯಲ್ಲಿ ಕಲಿಕೆಯ ಏಣಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ಚಿತ್ರ. ಆ ಚಿತ್ರದ ಕಾರ್ಡು ಹುಡುಕಿಕೊಂಡು ಮಗು ತಾನೇ ಕಲಿಯಬೇಕು, ಮುಗಿದರೆ ಮುಂದಿನ ಮೆಟ್ಟಿಲು. ಪಕ್ಕದಲ್ಲಿ ಪ್ರಗತಿ ನೋಟದ ಪಟ್ಟಿ. "ನಾನು ಇಲ್ಲಿ ತುಂಬಾ ದಿನ ನಿಂತಿದ್ದೆ ತಾತ" ಎಂದು ಏಣಿಯ ಒಂದು ಮೆಟ್ಟಿಲು ತೋರಿಸಿದಳು. ಹೇಳುವಾಗ ನಾಚಿಕೆ ಇರಲಿಲ್ಲ. ಬಸ್ಸು ಕೆಟ್ಟು ದಾರಿಯಲ್ಲಿ ನಿಂತಿತ್ತು ಎಂದು ನಾವು ಹೇಳುತ್ತೇವಲ್ಲ, ಹಾಗೆ.

ಈ ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಿಗೆ ಹೋಗಿ ನೋಡಿ ಬಂದು, ನಮ್ಮ ಹಾಡು ಕಥೆ ಆಟ ಸೇರಿಸಿ ಕಟ್ಟಿದ್ದು. 2009ರಿಂದೀಚೆಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂದು ಆರು ವರ್ಷದ ಮಗುವಿಗೇ ಗೊತ್ತಿರುತ್ತದೆ ಎಂದಮೇಲೆ, ಅದನ್ನು ಮನೆಯವರಿಗೆ ಹೇಳಲು ಒಂಬತ್ತು ವರ್ಷದವಳಿಗೆ ಏನು ಕಷ್ಟ? ನನ್ನ ಮೂಗು ತಾನಾಗಿಯೇ ನೆಟ್ಟಗಾಯಿತು.

ನಾಲ್ಕನೇ ತರಗತಿಯ ಕೋಣೆಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಚಾಪೆ. ಒಂದೊಂದು ಚಾಪೆಯಲ್ಲಿ ಒಂದು ಮಗು, ಅದರ ಮನೆಯವರು. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಮೇಡಂ ಒಂದು ಚಾಪೆಯಿಂದ ಇನ್ನೊಂದು ಚಾಪೆಗೆ ಹೋಗಿ ಕೂರುತ್ತಿದ್ದರು, ಹೆಚ್ಚು ಮಾತಾಡುತ್ತಿರಲಿಲ್ಲ. ವಾರದಿಂದ ಮಕ್ಕಳು ತಯಾರಿ ಮಾಡಿಕೊಂಡಿದ್ದರು. ಪ್ರತಿ ಮಗುವಿನದೂ ಒಂದು ಕೃತಿ ಸಂಪುಟ ಇರುತ್ತದೆ. ವರ್ಷವಿಡೀ ಬರೆದದ್ದು, ಬಿಡಿಸಿದ್ದು ಹಾಕಿಡುವ ಫೈಲು ಅದು. ಅದರಿಂದ ಮಗುವೇ ಮೂರು ಹಾಳೆ ಆರಿಸಬೇಕು. ತನಗೆ ತುಂಬ ಇಷ್ಟವಾದದ್ದು ಒಂದು, ಕಷ್ಟಪಟ್ಟು ಕಲಿತದ್ದು ಒಂದು, ಇನ್ನೂ ಬಾರದ್ದು ಒಂದು.

ನಮ್ಮ ಸರದಿ ಬರುವ ತನಕ ಸುತ್ತ ನೋಡುತ್ತಿದ್ದೆ. ಒಬ್ಬ ತಾಯಿ, ಕೂಲಿಗೆ ಹೋಗುವವಳು, "ನಂಗೆ ಓದಕ್ಕೆ ಬರಕಿಲ್ಲ ಕಣಪ್ಪ" ಎಂದು ಮಗನ ಪುಸ್ತಕ ಮುಟ್ಟಲೂ ಹಿಂಜರಿದಳು. ಹುಡುಗ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ತಾನೇ ಬರೆದ ಕಥೆ ಓದಿದ. ಅವರ ಮನೆಯ ಮೇಕೆಯ ಕಥೆ. ಮುಗಿದ ಮೇಲೆ ಅವಳು, "ಇನ್ನೊಂದ್ಸಲ ಓದು" ಅಂದಳು. ಇನ್ನೊಂದು ಚಾಪೆಯಲ್ಲಿ ಒಬ್ಬರು ವಾಚು ನೋಡಿಕೊಳ್ಳುತ್ತ, "ಅದೆಲ್ಲ ಇರ್ಲಿ, ಮಾರ್ಕ್ಸ್ ಎಷ್ಟು ಹೇಳು" ಎಂದು ಮಗಳನ್ನು ಕೇಳುತ್ತಲೇ ಇದ್ದರು. ಅವಳು ಹಾಳೆ ಹಿಡಿದುಕೊಂಡು ಸುಮ್ಮನಾದಳು. ಮೇಡಂ ಹೋಗಿ ಪಕ್ಕದಲ್ಲಿ ಕೂತ ಮೇಲೆ ಮತ್ತೆ ಮಾತು ಹೊರಟಿತು.

ಒಬ್ಬ ಹುಡುಗನ ಮನೆಯಿಂದ ಯಾರೂ ಬರಲಿಲ್ಲ. ಅವನು ಬಾಗಿಲ ಕಡೆಯೇ ನೋಡುತ್ತಿದ್ದ. ಬಿಸಿಯೂಟ ಮಾಡುವ ಅಕ್ಕ ಕೈ ಒರೆಸಿಕೊಂಡು ಬಂದು, "ನಂಗೆ ತೋರಿಸು ಮಗ" ಎಂದು ಚಾಪೆಯ ಮೇಲೆ ಕೂತುಬಿಟ್ಟರು. ಅವನು ಬೀಜ ಮೊಳಕೆ ಒಡೆಯುವ ಚಿತ್ರ ತೋರಿಸಿದ. ಆ ಅಕ್ಕ ಕೇಳಿದಷ್ಟು ಪ್ರಶ್ನೆ ಅವತ್ತು ಯಾವ ಅಪ್ಪನೂ ಕೇಳಲಿಲ್ಲ.

ನಮ್ಮ ಸರದಿ ಬಂತು. ಪುಟ್ಟಿ ಮೊದಲು ತೋರಿಸಿದ್ದು ಭೈರವನದುರ್ಗದ ಚಿತ್ರ. ಬಂಡೆಗೆ ಎರಡು ಕೊಂಬು ಬರೆದಿದ್ದಳು. "ಇದು ಮಲಗಿರೋ ಎಮ್ಮೆ, ತಾತ. ನೀವೇ ಹೇಳಿದ್ರಲ್ಲ." ಎರಡನೆಯದು ಒತ್ತಕ್ಷರ ಬರೆಯಲು ಕಲಿತ ಹಾಳೆ. ಮೊದಲ ತಿಂಗಳದ್ದು, ಈಗಿನದು ಎರಡನ್ನೂ ಅಕ್ಕಪಕ್ಕ ಇಟ್ಟಳು. ವ್ಯತ್ಯಾಸ ಯಾರಾದರೂ ಕಾಣಬಹುದಿತ್ತು.

ಮೂರನೇ ಹಾಳೆ ತೆಗೆಯುವಾಗ ಅವಳ ಕೈ ನಿಧಾನವಾಯಿತು. ಒಂದು ಕಳೆಯುವ ಲೆಕ್ಕ. 402ರಲ್ಲಿ 158 ಕಳೆ. ಉತ್ತರ 356 ಎಂದು ಬರೆದಿದ್ದಳು.

ನನ್ನ ಬಾಯಿ ತೆರೆದೇಬಿಟ್ಟಿತು. ಇದನ್ನು ಹಿಂದಿನ ವಾರವಷ್ಟೇ ಹೇಳಿಕೊಟ್ಟಿದ್ದೆ. ಎರಡರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದ ಮನೆಯಿಂದ ಸಾಲ ತಾ, ಆ ಮನೆಯಲ್ಲಿ ಸೊನ್ನೆ ಇದ್ದರೆ ಅದರಾಚೆಯ ಮನೆಗೆ ಹೋಗು ಎಂದು ಮೂರು ಸಲ ಹೇಳಿದ್ದೆ. "ಗೊತ್ತಾಯ್ತು ತಾತ" ಅಂದಿದ್ದಳು.

"ಇದು ನನಗೆ ಬರಲ್ಲ" ಅಂದಳು ಪುಟ್ಟಿ. "ದೊಡ್ಡದರಿಂದ ಚಿಕ್ಕದನ್ನ ಕಳೆದುಬಿಡ್ತೀನಿ. ಎಂಟರಲ್ಲಿ ಎರಡು, ಐದರಲ್ಲಿ ಸೊನ್ನೆ, ನಾಲ್ಕರಲ್ಲಿ ಒಂದು. ಅದು ತಪ್ಪು ಅಂತ ಗೊತ್ತು. ಮಿಸ್ ಕಡ್ಡಿ ಕೊಟ್ರೆ ಮಾಡ್ತೀನಿ."

ಕಡ್ಡಿ ತಂದಳು. ಹತ್ತು ಹತ್ತರ ಕಟ್ಟು, ಅಂಥ ಹತ್ತು ಕಟ್ಟು ಸೇರಿಸಿ ರಬ್ಬರ್ ಬ್ಯಾಂಡು ಹಾಕಿದ ನೂರರ ಕಂತೆ. ನಾಲ್ಕು ಕಂತೆ, ಎರಡು ಬಿಡಿ ಕಡ್ಡಿ ಮುಂದಿಟ್ಟುಕೊಂಡಳು. ಒಂದು ಕಂತೆ ಬಿಚ್ಚಿದಳು, ಹತ್ತರ ಹತ್ತು ಕಟ್ಟು ಬಂತು. ಅದರಲ್ಲಿ ಒಂದು ಕಟ್ಟು ಬಿಚ್ಚಿ ಬಿಡಿ ಕಡ್ಡಿಗೆ ಸೇರಿಸಿದಳು, ಹನ್ನೆರಡಾಯಿತು. ಈಗ ಎಂಟು ತೆಗೆದಳು, ಐದು ಕಟ್ಟು ತೆಗೆದಳು, ಒಂದು ಕಂತೆ ತೆಗೆದಳು. ಉಳಿದದ್ದು 244. ಸರಿಯಾಗಿ!

"ಮತ್ತೆ ಮನೆಯಲ್ಲಿ ಯಾಕೆ ಹೀಗೆ ಮಾಡಲ್ಲ?" ಅಂದೆ.

ಪುಟ್ಟಿ ಮೇಡಂ ಮುಖ ನೋಡಿದಳು. ಮೇಡಂ ಏನೂ ಹೇಳಲಿಲ್ಲ, ಮೆಲ್ಲಗೆ ತಲೆಯಾಡಿಸಿದರು. ಪುಟ್ಟಿ ಚಾಪೆಯ ಎಳೆ ಕೀಳುತ್ತ ಹೇಳಿದಳು: "ಕಡ್ಡಿ ತಗೊಂಡ್ರೆ ನೀವು ಬೈತೀರಾ. ನಾಲ್ಕನೇ ಕ್ಲಾಸಿಗೆ ಬಂದು ಇನ್ನೂ ಕಡ್ಡೀನಾ, ಬಾಯಲ್ಲೇ ಮಾಡು ಅಂತೀರಾ. ಬೇಗ ಬೇಗ ಕೇಳ್ತೀರಾ. ನಿಮಗೆ ಕೋಪ ಬರುತ್ತೆ ಅಂತ ನಾನು ಗೊತ್ತಾಯ್ತು ಅಂತೀನಿ."

ಕೋಣೆಯಲ್ಲಿ ಬೇರೆ ಮೂರು ಚಾಪೆಗಳ ಮಾತು ನಡೆದೇ ಇತ್ತು. ನನಗೆ ಮಾತ್ರ ಏನೂ ಕೇಳಿಸಲಿಲ್ಲ. ಎದುರಿಗೆ ಕಂಡದ್ದು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತಿದ್ದ ನಮ್ಮಪ್ಪ. ಅವನಿಗೆ ನಾನು ಸುಳ್ಳು ಹೇಳಿದ್ದು ಅವನಿಗೆ ಓದು ಬಾರದು ಎಂದು. ಪುಟ್ಟಿ ನನಗೆ ಸುಳ್ಳು ಹೇಳಿದ್ದು ನನಗೆ ಲೆಕ್ಕ ಬಹಳ ಚೆನ್ನಾಗಿ ಬರುತ್ತದೆ ಎಂದು. ವ್ಯತ್ಯಾಸವೆಂದರೆ ಅವಳು ಅದನ್ನು ನನ್ನ ಮುಖಕ್ಕೇ ಹೇಳಿದಳು. ಮೇಡಂ ಎಷ್ಟೇ ಒಳ್ಳೆಯವರಿರಲಿ, "ನಿಮ್ಮ ಕೋಪಕ್ಕೆ ಮಗು ಹೆದರುತ್ತಾಳೆ" ಎಂದು ಅಷ್ಟು ದೂರದಿಂದ ಬಂದ ಹಿರಿಯನಿಗೆ ಹೇಳುತ್ತಿದ್ದರೇ? ಹೇಳಿದ್ದರೆ ನಾನು ಒಪ್ಪುತ್ತಿದ್ದೆನೇ?

ಕೊನೆಗೆ ಒಂದು ಒಪ್ಪಂದದ ಹಾಳೆ. ಪುಟ್ಟಿಯೇ ಬರೆದಳು. ಪುಟ್ಟಿ: ಗೊತ್ತಾಗದಿದ್ದರೆ ಗೊತ್ತಾಯ್ತು ಅನ್ನುವುದಿಲ್ಲ. ತಾತ: ಸಂಕ್ರಾಂತಿವರೆಗೆ ಕಡ್ಡಿಗೆ ಬೈಯುವುದಿಲ್ಲ, ಲೆಕ್ಕ ಕೊಟ್ಟ ಮೇಲೆ ಮನಸ್ಸಿನಲ್ಲೇ ಇಪ್ಪತ್ತು ಎಣಿಸುವವರೆಗೆ ಬಾಯಿ ತೆರೆಯುವುದಿಲ್ಲ. ಮಿಸ್: ಹದಿನೈದು ದಿನಕ್ಕೊಮ್ಮೆ ನೋಡುವುದು. ಮೂವರೂ ಸಹಿ ಹಾಕಿದೆವು. ನಾನು ಹಾಕುವಾಗ ಕೈ ಸ್ವಲ್ಪ ನಡುಗಿತು. ಚಳಿ ಇತ್ತು ಎಂದುಕೊಳ್ಳಿ.

ಆಮೇಲೆ ಮೇಡಂ ಜೊತೆ ಎರಡು ಮಾತಾಡಿದೆ. ಎಲ್ಲ ಮಕ್ಕಳಿಗೂ ಇದು ಸುಲಭವಲ್ಲ ಎಂದು ಅವರೇ ಹೇಳಿದರು. ಕೆಲವರು ಮನೆಯವರ ಎದುರು ಬಾಯೇ ಬಿಡುವುದಿಲ್ಲ, ಅವರ ಜೊತೆ ತಾವೇ ಕೂತು ಒಂದೊಂದೇ ಕೇಳಬೇಕು. ಮಗುವಿನ ಎದುರು ಆಡಬಾರದ ಮಾತಿದ್ದರೆ ಮನೆಯವರನ್ನು ಬೇರೆ ದಿನ ಕರೆಯುತ್ತಾರೆ. ಹಿಂದಿನ ವರ್ಷ ಒಬ್ಬ ಹುಡುಗ ಇನ್ನೂ ಬಾರದ್ದು ಏನೂ ಇಲ್ಲ ಎಂದು ಖಾಲಿ ಹಾಳೆ ತಂದಿದ್ದನಂತೆ. "ಅವನನ್ನ ನೋಡಿದ್ರೆ ನನಗೇ ಭಯ ಆಯ್ತು ಸರ್" ಎಂದು ನಕ್ಕರು. ಬೇರೆ ಕೆಲಸಗಳ ನಡುವೆ ಇಷ್ಟಕ್ಕೆಲ್ಲ ಒಂದು ವಾರ ತೆಗೆದಿಡುವುದು ಸಣ್ಣ ಮಾತಲ್ಲ.

ಊಟದ ನಂತರ ಹೊರಡುವ ಹೊತ್ತಿಗೆ ಫೋನುಗಳು ಒಂದರ ಹಿಂದೆ ಒಂದು ಗುಣುಗುಟ್ಟಿದವು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸಾಲುಮರದ ತಿಮ್ಮಕ್ಕ ತೀರಿಕೊಂಡಿದ್ದರು. ವಯಸ್ಸು 114 ಎಂದು ಸುದ್ದಿಯಲ್ಲಿತ್ತು. ಬೇರೆ ಊರಿನವರಿಗೆ ಅದು ಪದ್ಮಶ್ರೀ ಪಡೆದವರೊಬ್ಬರ ಸುದ್ದಿ. ಇಲ್ಲಿ ಹುಳಿಕಲ್ ಅಂದರೆ ಪಕ್ಕದ ಊರು, ತಿಮ್ಮಕ್ಕ ಅಂದರೆ ಮನೆಯ ಅಜ್ಜಿ. ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತು ಒಂದು ನಿಮಿಷ ಮೌನ ಮಾಡಿದರು. ಬಿಸಿಯೂಟದ ಅಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡರು.

ಪುಟ್ಟಿ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಅವಳ ಚಿಕ್ಕಪ್ಪ ಸೈಕಲ್ ತಳ್ಳಿಕೊಂಡು ಹಿಂದೆ ಬರುತ್ತಿದ್ದ. ಆಲದ ಸಾಲಿನ ಕೆಳಗೆ ನಡೆದೆವು. ತಿಮ್ಮಕ್ಕ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲಿ, ಸೇರಿದ್ದು ಹುಳಿಕಲ್ಲಿನ ಚಿಕ್ಕಯ್ಯನವರ ಮನೆ. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕೂಲಿ ಮಾಡುತ್ತಲೇ ಹುಳಿಕಲ್ಲಿನಿಂದ ಕುದೂರಿನ ದಾರಿಗೆ ಆಲದ ಸಸಿ ನೆಟ್ಟರು. ಮೊದಲ ವರ್ಷ 10, ಮರುವರ್ಷ 15, ಅದರ ಮುಂದಿನ ವರ್ಷ 20. ಬಿಂದಿಗೆಯಲ್ಲಿ ನೀರು ಹೊತ್ತು ತಂದು ಹೊಯ್ದು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿ ಬೆಳೆಸಿದರು. ಚಿಕ್ಕಯ್ಯ 1991ರಲ್ಲಿ ತೀರಿಕೊಂಡ ಮೇಲೂ ತಿಮ್ಮಕ್ಕ ಬಿಡಲಿಲ್ಲ. 2019ರಲ್ಲಿ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡಲು ಈ ಮರಗಳಿಗೆ ಕೊಡಲಿ ಬೀಳುವ ಹಾಗಿತ್ತು. ಆ ವಯಸ್ಸಿನಲ್ಲಿ ಸರ್ಕಾರದ ಬಳಿ ಹೋಗಿ ಕೇಳಿ ಉಳಿಸಿಕೊಂಡರು. ಶಾಲೆಗೇ ಹೋಗದ ಹೆಣ್ಣುಮಗಳು, ತನಗೆ ಬೇಕಾದ್ದನ್ನು ತಾನೇ ಹೇಳಿದರು.

ಅವತ್ತು ದಾರಿಯಲ್ಲಿ ಜನ ಗುಂಪು ಗುಂಪಾಗಿ ನಿಂತಿದ್ದರು. ಒಂದು ಮರಕ್ಕೆ ಆಗಲೇ ಯಾರೋ ಹೂವಿನ ಹಾರ ಹಾಕಿದ್ದರು. ಪುಟ್ಟಿ ಒಂದೊಂದು ಮರವನ್ನೂ ಮುಟ್ಟಿ ಮುಟ್ಟಿ ಎಣಿಸುತ್ತ ಬಂದಳು. ನಲವತ್ತೇಳಕ್ಕೆ ಬಸ್‌ಸ್ಟಾಪು ಬಂತು.

"ಒಟ್ಟು ಎಷ್ಟು ಮರ ತಾತ?"

"385 ಅಂತ ಎಲ್ಲರೂ ಹೇಳೋ ಲೆಕ್ಕ."

"ಹಂಗಾದ್ರೆ ಇನ್ನೆಷ್ಟು ಎಣಿಸಬೇಕು?" ಎಂದು ತಾನೇ ಕೇಳಿಕೊಂಡು, ಒಣಗಿ ಬಿದ್ದ ಸಣ್ಣ ಸಣ್ಣ ಕಡ್ಡಿ ಆರಿಸಿಕೊಂಡು ಮಣ್ಣಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. ಐದರಲ್ಲಿ ಏಳು ಹೋಗುವುದಿಲ್ಲ. ಹಿಂದಿನ ವಾರವಾಗಿದ್ದರೆ 342 ಅನ್ನುತ್ತಿದ್ದಳು. ನನ್ನ ನಾಲಿಗೆ ತುದಿಗೆ "ಪಕ್ಕದ ಮನೆ" ಬಂದು ನಿಂತಿತ್ತು. ದೂರದಲ್ಲಿ ಬಸ್ಸು ಕಾಣಿಸುತ್ತಿತ್ತು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಒಂದು, ಎರಡು, ಮೂರು...

"338!" ಅಂದಳು ಪುಟ್ಟಿ, ಮಣ್ಣು ಕೈ ಲಂಗಕ್ಕೆ ಒರೆಸಿಕೊಳ್ಳುತ್ತ. ಆಮೇಲೆ ಅನುಮಾನದಿಂದ ನನ್ನ ಮುಖ ನೋಡಿದಳು. "ನೀನು ಇಪ್ಪತ್ತು ಎಣಿಸಿದ್ಯಾ ತಾತ?"

"ಹದಿನೇಳಕ್ಕೆ ಬಂದಿದ್ದೆ" ಅಂದೆ. "ಅಷ್ಟರಲ್ಲಿ ನೀನೇ ಹೇಳಿಬಿಟ್ಟೆ."